ಸೌನಾ ಗೋಡೆಯ ತೂತು

ನನ್ನ ಮಾವ ಸುಲೋ ಕೆರ್ವಿನೆನ್ ಅವರ ಎಡಗಿವಿ ಹೋಗಿ ಮೂವತ್ತು ವರ್ಷವಾಯಿತಂತೆ. ಬಲಗಿವಿ ಹೋದದ್ದನ್ನು ನಾನೇ ಕಣ್ಣಾರೆ ನೋಡಿದೆ. ಮದುವೆಯಾಗಿ ಈ ಮನೆಗೆ ಬಂದ ಮೊದಲ ವರ್ಷ ಅವರ ಬಲಕ್ಕೆ ಕೂತು ಸ್ವಲ್ಪ ಜೋರಾಗಿ ಮಾತಾಡಿದರೆ ಸಾಕಿತ್ತು. ಎರಡನೇ ವರ್ಷ ಮುಖಕ್ಕೆ ಮುಖ ಕೊಟ್ಟು ಕೂಗಬೇಕಾಯಿತು. ಸೆಲ್ಮಾ ಹುಟ್ಟಿದ ಚಳಿಗಾಲದಲ್ಲಿ ಅವಳು ತೊಟ್ಟಿಲಲ್ಲಿ ಕೆಂಪಗಾಗಿ ಕಿರುಚಿಕೊಳ್ಳುತ್ತಿದ್ದರೂ ಅವರು ಒಂದು ಮಾರು ದೂರದಲ್ಲಿ ಕೂತು ನೆಮ್ಮದಿಯಾಗಿ ಪತ್ರಿಕೆ ಓದುತ್ತಿದ್ದರು. ನನಗೆ ಮೊದಲು ಬಂದದ್ದು ಸಿಟ್ಟು. ಮಗುವನ್ನು ಎತ್ತಿಕೊಳ್ಳಲು ಅವರ ಮುಂದೆ ಹಾದಾಗ ತಲೆಯೆತ್ತಿ, “ಒಳ್ಳೇ ಮಗು ಕಣೇ. ಎಷ್ಟು ಹೊತ್ತು ಮಲಗತ್ತೆ!” ಅಂದರು.

ಅವರಿಗೆ ಕೇಳಿಸುವುದು ಮೌನವಲ್ಲ. ಒಲೆಯ ಮೇಲೆ ಯಾರೋ ಮರೆತುಬಿಟ್ಟ ಕೆಟಲ್ಲಿನ ಸಿಳ್ಳಿನಂಥದ್ದು ತಲೆಯೊಳಗೆ ಸದಾ ನಡೆದಿರುತ್ತದಂತೆ. “ಯಾರಾದ್ರೂ ಎದ್ದುಹೋಗಿ ಒಲೆ ಆರಿಸಬಾರ್ದಾ ಅನ್ನಿಸತ್ತೆ, ಇನ್ನೇನಿಲ್ಲ,” ಅನ್ನುತ್ತಾರೆ.

ಹದಿನೇಳನೇ ವಯಸ್ಸಿಗೆ ಮರ ಕಡಿಯಲು ಕಾಡಿಗೆ ಹೋದವರು. ಹದಿನಾಲ್ಕು ವರ್ಷ ಯಂತ್ರದ ಗರಗಸ ಹಿಡಿದರು. ಅದರ ನಡುಕ ಬೆರಳುಗಳ ರಕ್ತವನ್ನು ಓಡಿಸಿಬಿಟ್ಟಿತು; ಈಗಲೂ ಚಳಿಗೆ ಅವರ ಬೆರಳ ತುದಿಗಳು ಮೇಣದ ಬತ್ತಿಯ ಹಾಗೆ ಬೆಳ್ಳಗಾಗುತ್ತವೆ, ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಆಮೇಲೆ ಗರಗಸಗಳನ್ನೇ ರಿಪೇರಿ ಮಾಡುವ ವರ್ಕ್‌ಶಾಪ್ ಸೇರಿ, ಲೇಥ್ ಕಲಿತು, ಅಲ್ಲೇ ನಿವೃತ್ತರಾದರು. ಇದರ ಜೊತೆಗೆ ಇಪ್ಪತ್ತರ ಹರೆಯದಿಂದ ಒಂದು ಶರತ್ಕಾಲವನ್ನೂ ಬಿಡದೆ ಮೂಸ್ ಎಂಬ ದೈತ್ಯ ಕಡವೆಯ ಬೇಟೆ. ಬಲಗೈಯವರ ಎಡಗಿವಿಯೇ ಗುಂಡಿನ ಸದ್ದಿಗೆ ಹತ್ತಿರ, ಅದಕ್ಕೇ ಅದು ಮೊದಲು ಹೋಯಿತು. ಆ ಕಾಲದಲ್ಲಿ ಕಿವಿಗೆ ಏನಾದರೂ ಇಟ್ಟುಕೊಂಡವನನ್ನು, “ಏನಮ್ಮಾ, ಶೀತ ಆಗತ್ತಾ?” ಎಂದು ಆಡಿಕೊಳ್ಳುತ್ತಿದ್ದರಂತೆ.

ನಮ್ಮ ಹಳ್ಳಿಯ ಬೇಟೆ ಸಂಘದಲ್ಲಿ ಬಂದೂಕಿನ ನಳಿಗೆಯ ತುದಿಗೆ ಸದ್ದು ತಗ್ಗಿಸುವ ಸೈಲೆನ್ಸರ್ ಕೊಳವೆ ಮೊದಲು ಹಾಕಿಸಿಕೊಂಡವರು ಇವರೇ. “ಏನ್ ಸುಲೋ, ಕಳ್ಳಬೇಟೆಗೆ ಹೊರಟ್ಯಾ?” ಎಂದು ಎಲ್ಲರೂ ನಕ್ಕಿದ್ದರು. ಇವರು ಮನೆಮನೆಗೂ ಹೋಗಿ ಹೇಳಿದರು: “ಹೆಂಡ್ತಿ ಬಯ್ಯೋದು ಮುದುಕ ಆದ್ಮೇಲೂ ಕೇಳಿಸ್ಬೇಕಂದ್ರೆ ಹಾಕಿಸ್ಕೊಳ್ರೋ.”

“ಅದು ಕೇಳಿಸ್ಬಾರ್ದು ಅಂತಾನೇ ಹಾಕಿಸ್ದೆ ಇರೋದು,” ಅಂದವನೂ ಮುಂದಿನ ವರ್ಷ ಹಾಕಿಸಿಕೊಂಡ. ಈಗ ಸಂಘದ ಇಪ್ಪತ್ತಮೂರು ಬಂದೂಕುಗಳಲ್ಲಿ ಬರಿ ನಳಿಗೆಯದು ಒಂದೂ ಇಲ್ಲ.

ಹಾಕಿಸಿಕೊಂಡರು ಸರಿ, ಬಿಚ್ಚುವುದನ್ನು ಯಾರೂ ಕಲಿಯಲಿಲ್ಲ. ನಾಲ್ಕೈದು ಗುಂಡು ಹೊಡೆದರೆ ಸೈಲೆನ್ಸರ್ ಅಂಗೈ ಸುಡುವಷ್ಟು ಕಾಯುತ್ತದೆ. ಸ್ವಲ್ಪ ಆರಿ ಉಗುರುಬೆಚ್ಚಗೆ ಇರುವಾಗಲೇ ಕೈಗವಸು ಹಾಕಿ ಬಿಚ್ಚಬೇಕು, ತಿರುಪಿನ ಸುರುಳಿ ಥ್ರೆಡ್ಡಿನ ಮಸಿ ಒರೆಸಬೇಕು, ಮತ್ತೆ ಹಾಕುವಾಗ ಕಡಲೆಕಾಳಿನಷ್ಟು ಗ್ರೀಸ್ ಸವರಬೇಕು. ಕಾದಿರುವಾಗ ಬಿಗಿ ಮಾಡಲೇಬಾರದು. ಮಾವ ಇದನ್ನು ವರ್ಷವರ್ಷವೂ ಹೇಳಿದರು. ಆದರೆ ಮೂಸ್ ಬಿದ್ದ ಕೂಡಲೇ ಎಲ್ಲರಿಗೂ ಅದನ್ನು ಎಳೆದು ತರುವ ಗಡಿಬಿಡಿ, ಆಮೇಲೆ ಬೆಂಕಿ, ಕಾಫಿ, ಸಾಸೇಜು, ಜಂಬ. ಬಂದೂಕು ಹಾಗೇ ಕಾರಿನಲ್ಲಿ ಮೈನಸ್ ಹದಿನೈದರಲ್ಲಿ ಬಿದ್ದಿರುತ್ತದೆ. ಅಲ್ಲಿಂದ ಬೆಚ್ಚನೆಯ ಮನೆಯೊಳಕ್ಕೆ. ಒಳಗೆಲ್ಲ ಬೆವರಿನ ಹಾಗೆ ನೀರಾಗಿ, ಆ ನೀರೂ ಮಸಿಯೂ ತುಕ್ಕೂ ಸೇರಿ ಥ್ರೆಡ್ಡಿನಲ್ಲಿ ಸಿಮೆಂಟಿನಂತೆ ಕೂರುತ್ತವೆ. ಮುಂದಿನ ಶರತ್ಕಾಲಕ್ಕೆ ಕಪಾಟಿನಿಂದ ತೆಗೆದರೆ ಭೀಮ ಬಂದರೂ ಬಿಡುವುದಿಲ್ಲ. ಆಗ ಎಲ್ಲರಿಗೂ ನೆನಪಾಗುವವರು ನಮ್ಮ ಮಾವ.

ಬೆಂಕಿ ತೋರಿಸುವವರನ್ನು ಕಂಡರೆ ಅವರಿಗೆ ಆಗದು. ಬೆಂಕಿ ಮುಟ್ಟಿದ ಜಾಗದಲ್ಲಿ ಲೋಹದ ಜೀವ ಹೋಗುತ್ತದೆ. ಹದವಾಗಿ, ಸುತ್ತಲೂ ಒಂದೇ ಸಮನಾಗಿ ಕಾಯಿಸಬೇಕು. ಬೆವರುಸ್ನಾನ ಮಾಡುವ ನಮ್ಮ ಬಿಸಿಕೋಣೆ ಸೌನಾಕ್ಕಿಂತ ಒಳ್ಳೆಯ ಒಲೆ ಎಲ್ಲಿದೆ? ಆದರೆ ಬಂದೂಕನ್ನು ಇಡಿಯಾಗಿ ಸೌನಾದಲ್ಲಿಟ್ಟರೆ ಮರದ ಹಿಡಿ ಸೀಳುತ್ತದೆ, ದುರ್ಬೀನು ಹಾಳಾಗುತ್ತದೆ. ಅದಕ್ಕೆ ಮಾವ ಸೌನಾಕ್ಕೂ ಬಟ್ಟೆ ಬಿಚ್ಚುವ ಕೋಣೆಗೂ ನಡುವಿನ ಗೋಡೆಯಲ್ಲಿ, ಕೂರುವ ಮೇಲಿನ ಹಲಗೆಯ ಎತ್ತರಕ್ಕೆ, ಮುಷ್ಟಿ ಹಿಡಿಸುವಷ್ಟು ತೂತು ಕೊರೆದರು. ಈಚೆ ಕೋಣೆಯಲ್ಲಿ ಗೋಡೆಗೆ ಒತ್ತಿ, ಕಚ್ಚಿ ಹಿಡಿಯುವ ಬೆಂಚ್ ವೈಸ್. ಅದರಲ್ಲಿ ನಳಿಗೆಯನ್ನು ಚರ್ಮ ಸುತ್ತಿ ಕಚ್ಚಿಸುವುದು. ಬಂದೂಕೆಲ್ಲ ತಂಪಿನಲ್ಲಿ, ಸೈಲೆನ್ಸರ್ ಮಾತ್ರ ತೂತಿನಾಚೆ ಸೌನಾದ ತೊಂಬತ್ತು ಡಿಗ್ರಿಯಲ್ಲಿ. ಈಚೆ ಒಬ್ಬರು ನಳಿಗೆಗೆ ಒದ್ದೆ ಬಟ್ಟೆ ಸುತ್ತಿ ತಣ್ಣೀರು ಹುಯ್ಯುತ್ತಿರಬೇಕು. ಆಚೆ ಮಾವ ಸೊಂಟಕ್ಕೊಂದು ಟವೆಲು ಕಟ್ಟಿ, ಕೈಗೆ ಉಣ್ಣೆಯ ಗವಸು ಹಾಕಿ, ಬೆವರುತ್ತಾ ಕೂತು ಪಟ್ಟಿ ಸ್ಪ್ಯಾನರಿನಿಂದ ತಿರುಗಿಸುವರು. ಕಾದದ್ದು ಹಿಗ್ಗುತ್ತದೆ, ತಂಪಾದದ್ದು ಕುಗ್ಗುತ್ತದೆ, ನಡುವೆ ಕೂದಲೆಳೆಯಷ್ಟು ಜಾಗ ಬಿಡುತ್ತದೆ.

ಶುರುಮಾಡುವ ಮೊದಲು ಒಂದು ಶಾಸ್ತ್ರವಿತ್ತು. ಬಂದೂಕಿನ ಬೋಲ್ಟನ್ನು, ಅಂದರೆ ಗುಂಡು ಸಿಡಿಸುವ ಅಗುಳಿಯನ್ನು, ಹೊರಗೆಳೆದು, ನಳಿಗೆ ಖಾಲಿಯೆಂದು ಬೆಳಕಿಗೆ ಹಿಡಿದು ತೋರಿಸಿ, ಆ ಬೋಲ್ಟನ್ನು ಬಂದವನ ಅಂಗೈಯಲ್ಲೇ ಇಡುತ್ತಿದ್ದರು. “ನಿನ್ನ ಬಂದೂಕಿನ ನಾಲಿಗೆ ನೀನೇ ಹಿಡ್ಕೊಂಡು ಕೂರು. ನಾನು ಬರಿಮೈಯಲ್ಲಿ ಅದರ ಬಾಯಿ ಮುಂದೆ ಕೂರ್ಬೇಕು.”

ಬುಧವಾರ, ಶನಿವಾರ ನಮ್ಮಲ್ಲಿ ಸೌನಾ. ಸೆಪ್ಟೆಂಬರ್ ಬಂತೆಂದರೆ ಆ ಎರಡು ದಿನ ಮಧ್ಯಾಹ್ನ ಅಂಗಳದಲ್ಲಿ ಕಾರು ತಪ್ಪುತ್ತಿರಲಿಲ್ಲ. ಒಂದು ಪೊಟ್ಟಣ ಕಾಫಿಪುಡಿ, ಹೊಗೆಯಲ್ಲಿ ಬೇಯಿಸಿದ ಮೀನು, ಹೆಂಡತಿ ಮಾಡಿಕೊಟ್ಟ ಏಲಕ್ಕಿ ಬನ್ನು, ಏನೋ ಒಂದು ಹಿಡಿದು ಬರುವರು. “ಸುಲೋ ಮನೇಲಿ ಬಂದೂಕಿಗೂ ಸೌನಾ. ನಮ್ಮನೇಲಿ ನನಗೇ ಸೌದೆ ಇಲ್ಲ,” ಅನ್ನುವರು. ಮಾವನಿಗೆ ಕೇಳದು, ಆದರೂ ಅವರು ನಗುವಾಗ ಇವರೂ ನಗುವರು. ಬಂದೂಕು ನಡುವೆ ಇದ್ದರೆ ಕಿವಿ ಬೇಕಿಲ್ಲ; ಥ್ರೆಡ್ಡಿಗೆ ಬೆರಳಿಟ್ಟು ಹುಬ್ಬೇರಿಸಿದರೆ ಅದೇ ಪ್ರಶ್ನೆ, ತಲೆಯಾಡಿಸಿದರೆ ಅದೇ ಉತ್ತರ. ಹಬ್ಬದೂಟಕ್ಕೆ ಕರೆದರೆ ಅವರು ಹೋಗುವುದಿಲ್ಲ, ಅಂಗಡಿಗೂ ಹೋಗುವುದಿಲ್ಲ. ಅತ್ತೆ ಆಯ್ನಿ ತೀರಿಕೊಂಡು ಆರು ವರ್ಷ. ನನ್ನ ಗಂಡನ ಹೆಸರು ಯಾರ್ನೋ; ಮರದ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮನುಷ್ಯರ ಜೊತೆ ಅವರಿಗೆ ಉಳಿದಿದ್ದ ಒಂದೇ ದಾರಿ ಆ ಮುಷ್ಟಿಯಗಲದ ತೂತು. ಅದು ನಿಂತರೆ ಅವರು ಆ ಕೆಟಲ್ಲಿನ ಸಿಳ್ಳಿನ ಜೊತೆ ಒಬ್ಬರೇ. ಇದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕೈಕೆಲಸದಲ್ಲಿ ಕಿವಿ ಬೇಕಾಗುವ ಜಾಗ ಒಂದೇ. ಹಿಡಿದ ಥ್ರೆಡ್ಡು ಬಿಡುವಾಗ ಮೊದಲು ಬೆರಳು ನಟಿಕೆ ಮುರಿದಂತೆ “ಟಿಕ್” ಅನ್ನುತ್ತದೆ. ಆಮೇಲೆ ಒಣ ರೊಟ್ಟಿ ಅಗಿದ ಹಾಗೆ ಕರಕರ ಅಂದರೆ ಅದು ಮಸಿ ಪುಡಿಯಾಗುವ ಸದ್ದು, ಮುಂದುವರಿಯಬಹುದು. ಕಿರ್ರೆಂದು ಎಳೆದರೆ ಮಾತ್ರ ಲೋಹ ಲೋಹವನ್ನು ಕಚ್ಚಿ ಸಿಗಿಯುತ್ತಿದೆ ಎಂದರ್ಥ. ಆಗ ಅಲ್ಲೇ ನಿಲ್ಲಿಸಿ, ಅರ್ಧ ಸುತ್ತು ಹಿಂದಕ್ಕೆ ಹೋಗಿ, ಎಣ್ಣೆ ಬಿಟ್ಟು, ಇನ್ನೊಂದು ಗಂಟೆ ಕಾಯಿಸಬೇಕು. ಈ ಮೂರನ್ನು ಬೇರೆಬೇರೆ ಮಾಡಿ ಕೇಳಲು ಬರದವನು ಸ್ಪ್ಯಾನರ್ ಮುಟ್ಟಬಾರದು ಎಂದು ಅವರೇ ಹೇಳುತ್ತಿದ್ದರು. ಬೆರಳಿಗೆ ತಿಳಿಯಬಹುದಿತ್ತು, ಆದರೆ ಬೆರಳನ್ನು ಗರಗಸ ತಿಂದಿತ್ತು. ಕಿವಿಯ ಮಿಷನ್ನು ಸೌನಾದ ಬಿಸಿಗೆ ಕೆಡುತ್ತದೆ. ಕೆಡದಿದ್ದರೂ ಅದು ದೊಡ್ಡದು ಮಾಡುವುದು ಸಿಳ್ಳನ್ನೇ.

ಈ ಮಾರ್ಚಿಯಲ್ಲಿ ಒಂದು ದಿನ ನಾನು ನೀರು ಹುಯ್ಯುತ್ತಿದ್ದೆ. ಟಿಕ್ ಅಂದಿತು. ಅವರು ಆಚೆಯಿಂದ ಇನ್ನೂ ಜೋರು ಹಾಕುತ್ತಲೇ ಇದ್ದರು, ಬಿಟ್ಟಿದ್ದು ತಿಳಿದೇ ಇರಲಿಲ್ಲ. ನಾನು ಒಳಗೆ ಹೋಗಿ ಕೈ ಹಿಡಿದೆ. ಅವರು ನನ್ನ ಮುಖ ನೋಡಿದರು. ಮುಂದಿನ ಶನಿವಾರ ಒಂದು ಮೀನುಗಾಳದ ದಾರ ತಂದು ಒಂದು ತುದಿಯನ್ನು ತಮ್ಮ ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡು, ಇನ್ನೊಂದನ್ನು ತೂತಿನಲ್ಲಿ ನಳಿಗೆಯ ಪಕ್ಕದಿಂದ ಈಚೆಗೆ ಬಿಟ್ಟರು.

“ಟಿಕ್ ಅಂದ್ರೆ ಒಂದ್ಸಲ ಎಳಿ. ಕಿರ್ ಅಂದ್ರೆ ಎರಡ್ಸಲ. ಒದ್ದೆ ಬಟ್ಟೆ ಕೆಳಗೆ ಇಟ್ಕೋ, ಯಾರ್ಗೂ ಕಾಣಲ್ಲ.”

ನಾನು ಬೆನ್ನಿಗೆ ಸೆಲ್ಮಾಳನ್ನು ಕಟ್ಟಿಕೊಂಡು, ಒಂದು ಕೈಯಲ್ಲಿ ನೀರಿನ ಸೌಟು, ಇನ್ನೊಂದರಲ್ಲಿ ದಾರ ಹಿಡಿದು ಮಾರ್ಚಿಯಿಂದ ಅಕ್ಟೋಬರಿನವರೆಗೆ ಹನ್ನೊಂದು ಬಂದೂಕು ಬಿಚ್ಚಿಸಿದೆ. ಒಂದೂ ಕೆಡಲಿಲ್ಲ. ಬಂದವರು, “ಸುಲೋ ಕೈ ಅಂದ್ರೆ ಕೈ,” ಎಂದು ಹೋಗುವರು. ಬಾಗಿಲು ಮುಚ್ಚಿದ ಮೇಲೆ ಮಾವ ನನಗೆ ಕಣ್ಣು ಹೊಡೆಯುವರು. ನನಗೆ ಅದು ಮೋಸ ಅನ್ನಿಸಲಿಲ್ಲ. ಈಗಲೂ ಪೂರ್ತಿ ಅನ್ನಿಸುವುದಿಲ್ಲ.

ಬೇಟೆ ಶುರುವಾಗುವ ಶನಿವಾರಕ್ಕೆ ಮೂರು ದಿನವಿತ್ತು. ಬುಧವಾರ ಮಧ್ಯಾಹ್ನ ಸಂಘದ ಮುಖಂಡ ರೌನೋ ಬಂದ. ಕೆರೆಯ ಆಚೆ ದಡದವನು, ಮಾವನಿಗಿಂತ ಹತ್ತು ವರ್ಷ ಚಿಕ್ಕವನು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು. ಎಲ್ಲರಿಗೂ ಬುದ್ಧಿ ಹೇಳುವ ಅವನ ಬಂದೂಕೇ ಹೋದ ಡಿಸೆಂಬರಿನಿಂದ ಬಿಚ್ಚದೆ ಕಪಾಟಿನಲ್ಲಿತ್ತು.

“ನಗ್ಬೇಡ ಸುಲೋ,” ಅಂದ ಬಾಗಿಲಲ್ಲೇ, ಬಾಯಿ ದೊಡ್ಡದಾಗಿ ಆಡಿಸುತ್ತಾ. “ನಗಾಡಿದ್ರೆ ಬನ್ನು ವಾಪಸ್ ತಗೊಂಡ್ಹೋಗ್ತೀನಿ.”

ಮಾವ ನಗಲಿಲ್ಲ. ಬಂದೂಕು ಕೈಗೆ ತೆಗೆದುಕೊಂಡು ಸೈಲೆನ್ಸರ್ ತಿರುಗಿಸಿ ನೋಡಿದರು, ಅಂಗಿಯ ತೋಳಿನಿಂದ ಒರೆಸಿದರು, ನನ್ನ ಕಡೆ ನೋಡಿದರು. ನನಗೂ ಅಷ್ಟು ಹೊತ್ತಿಗೆ ಗುರುತು ಸಿಗುತ್ತಿತ್ತು. ಎಲ್ಲರದು ಅಲ್ಯೂಮಿನಿಯಂ. ಇದು ಸ್ಟೇನ್‌ಲೆಸ್ ಸ್ಟೀಲಿನದು, ನಳಿಗೆಯೂ ಅದೇ.

ರೌನೋ ಕಾರಿನಿಂದ ಇನ್ನೇನೋ ತರಲು ಹೋದಾಗ ಮಾವ ತಗ್ಗಿದ ದನಿಯಲ್ಲಿ ಅಂದರು: “ಒಂದೇ ಜಾತಿಯವು. ಒಟ್ಟಿಗೇ ಹಿಗ್ಗತ್ವೆ, ಒಟ್ಟಿಗೇ ಕುಗ್ಗತ್ವೆ. ಜಗಳ ಹತ್ತಿದ್ರೆ ಒಂದನ್ನೊಂದು ಕಚ್ಕೊಂಡು ಸಾಯತ್ವೆ.”

ಅವರ ತಗ್ಗಿದ ದನಿ ಎಂದರೆ ಅಂಗಳಕ್ಕೆ ಕೇಳುವಷ್ಟು. ನಾನು ಲಕೋಟೆಯ ಬೆನ್ನ ಮೇಲೆ ಬರೆದೆ: ‘ಬೇಡ. ನುರ್ಮೆಸ್ ಪೇಟೆಯ ಬಂದೂಕಿನ ಅಂಗಡಿಗೆ ಕಳಿಸಿ.’

ಓದಿದರು. “ರೌನೋದನ್ನೇ ವಾಪಸ್ ಕಳಿಸಿದ್ರೆ ಇನ್ಯಾರು ಬರ್ತಾರೆ?” ಅಂದು ಲಕೋಟೆ ಮಡಿಸಿ ಒಲೆಗೆ ಹಾಕಿದರು.

ನಾನು ಫ್ರೀಜರಿನಲ್ಲಿದ್ದ ಐಸನ್ನೆಲ್ಲ ಬಕೆಟ್ಟಿಗೆ ಸುರಿದೆ. ಸೌನಾವನ್ನು ಎರಡು ಗಂಟೆ ಮೊದಲೇ ಕಾಯಿಸಿದ್ದಾಯಿತು. ಬೋಲ್ಟು ರೌನೋ ಅಂಗೈಗೆ ಬಂತು. ಮಾವ ದಾರ ಕಟ್ಟಿಕೊಂಡು ಒಳಗೆ ಹೋದರು. ಸಾಮಾನ್ಯವಾಗಿ ಬಂದವರು ಅಡಿಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂರುತ್ತಾರೆ. ರೌನೋ ಲೋಟ ಹಿಡಿದುಕೊಂಡು ವೈಸಿನ ಪಕ್ಕದಲ್ಲೇ ಬಂದು ನಿಂತ.

“ನೋಡ್ಬೇಕು ಅಂತ ಎಷ್ಟು ವರ್ಷದಿಂದ ಆಸೆ. ಇವತ್ತು ನಂದೇ ಇದೆ.”

ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಸೆಲ್ಮಾ ಆ ದಿನ ಬೆನ್ನಿನ ಮೇಲೆ ನಿಲ್ಲದೆ ಕೆಳಗೆ ಚಾಪೆಯ ಮೇಲಿದ್ದಳು. ಹತ್ತು ನಿಮಿಷ ಏನೂ ಇಲ್ಲ. ಐಸ್‌ನೀರು ಹುಯ್ದು ಹುಯ್ದು ನನ್ನ ಬೆರಳು ಸೆಟೆದವು. ಆಮೇಲೆ ಟಿಕ್. ನಾನು ಬಟ್ಟೆಯ ಕೆಳಗಿನಿಂದ ಒಂದು ಸಲ ಎಳೆದೆ. ಆಚೆಯಿಂದ ಮಾವ, “ಹೂಂ!” ಅಂದರು, ಗೋಡೆ ಅದುರುವ ಹಾಗೆ.

“ಅಬ್ಬಾ, ಕೇಳಿಸ್ತಪ್ಪಾ ಅವನಿಗೆ!” ಅಂದ ರೌನೋ. “ಕಿವುಡು ಅಂತ ನಾಟಕ ಆಡ್ತಾನೋ ಏನೋ ಮುದುಕ.”

ಸುತ್ತು ಶುರುವಾಯಿತು. ಕರಕರ ಸದ್ದು, ಒಳ್ಳೆಯ ಸದ್ದು. ಅಷ್ಟರಲ್ಲಿ ಸೆಲ್ಮಾ ಅಳತೊಡಗಿದಳು. ಹಸಿವಿನ ಅಳು, ಸುಮ್ಮನಾಗುವಂಥದ್ದಲ್ಲ. ಊಟದ ಹೊತ್ತು ಮೀರಿತ್ತು. ನಾನು ಕಾಲಿನಿಂದಲೇ ಚಾಪೆಯನ್ನು ತೂಗುವಂತೆ ಆಡಿಸುತ್ತಾ ನೀರು ಹುಯ್ಯುತ್ತಿದ್ದೆ.

“ಮಗು ಹಸಿದಿದೆ, ಕಾಣಲ್ವಾ? ಕೊಡಿಲ್ಲಿ ಸೌಟು,” ಅಂದ ರೌನೋ.

“ಇರ್ಲಿ ಬಿಡು. ಒಂದೈದು ನಿಮಿಷ...”

“ನಾಲ್ಕು ಮಕ್ಕಳನ್ನ ಸಾಕಿದೀನಮ್ಮಾ. ನೀರು ಹಾಕಕ್ಕೆ ನಂಗೂ ಬರತ್ತೆ. ಹೋಗು, ಕೂತ್ಕೊಂಡು ಹಾಲು ಕೊಡು.” ಒಂದು ಕೈಯಲ್ಲಿ ಬೋಲ್ಟು ಹಿಡಿದುಕೊಂಡೇ ಇನ್ನೊಂದರಿಂದ ಸೌಟು ತೆಗೆದುಕೊಂಡು, ನನ್ನನ್ನು ಮೆಲ್ಲಗೆ ಮೊಣಕೈಯಿಂದ ಸರಿಸಿ ವೈಸಿನ ಮುಂದೆ ನಿಂತ. ಎಷ್ಟು ಪ್ರೀತಿಯಿಂದ ಸರಿಸಿದ ಎಂದರೆ ಹೇಳಲಾರೆ.

ಆಗ ನಾನು ಬಾಯಿ ಬಿಡಬೇಕಿತ್ತು. ದಾರ ಇದೆ, ಅದನ್ನು ಹಿಡಿಯಬೇಕು, ಅವರಿಗೆ ಕೇಳುವುದಿಲ್ಲ. ಮೂರು ಮಾತು. ಗೋಡೆಯಾಚೆ ಮಾವ ಖುಷಿಯಲ್ಲಿದ್ದರು. ಬೇಟೆಗೆ ಮೂರು ದಿನವಿತ್ತು. ಹನ್ನೊಂದು ಬಂದೂಕು ಸರಿಯಾಗಿ ಬಂದಿದ್ದವು, ಇದೂ ಕರಕರ ಅನ್ನುತ್ತಲೇ ಇತ್ತು. ಹಾಲು ಕೊಟ್ಟು ಎರಡೇ ನಿಮಿಷದಲ್ಲಿ ವಾಪಸ್ ಬರುತ್ತೇನೆ ಅಂದುಕೊಂಡೆ. ಮಗುವನ್ನು ಎತ್ತಿಕೊಂಡು ಮೂರು ಹೆಜ್ಜೆ ದೂರದ ಬೆಂಚಿನಲ್ಲಿ ಕೂತೆ. ದಾರದ ತುದಿ ಬಟ್ಟೆಯಿಂದ ಜಾರಿ ರೌನೋ ಮೊಣಕಾಲ ಬಳಿ ತೂಗುತ್ತಿತ್ತು. ಸೆಲ್ಮಾ ಹಾಲಿಗೆ ಬಾಯಿಟ್ಟಳು, ಕೋಣೆ ಸುಮ್ಮನಾಯಿತು. ಅವರು ತಿರುಗಿಸಿದ ಸುತ್ತುಗಳನ್ನು ನಾನು ಎಣಿಸುತ್ತಿದ್ದೆ. ಆರು. ಏಳು.

ಎಂಟನೆಯದಕ್ಕೆ ಕಿರ್ರೆಂದಿತು.

ಹಲ್ಲಿನ ಬೇರಿಗೆ ತಾಗುವ ಸದ್ದು. ರೌನೋ ಸೌಟು ಎತ್ತಿ ಹಿಡಿದು ನನ್ನ ಕಡೆ ತಿರುಗಿದ, “ಇದು ಹಿಂಗೇನಾ ಬರೋದು?”

ಮಗುವನ್ನು ಎದೆಗೆ ಒತ್ತಿಕೊಂಡೇ ಎದ್ದೆ. ಅವನ ಅಗಲವಾದ ಬೆನ್ನು ದಾರಕ್ಕೂ ನನಗೂ ಅಡ್ಡ. “ಮಾವಾ, ನಿಲ್ಸಿ!” ಎಂದು ಕಿರುಚಿದೆ. ಯಾರಿಗೆ ಕಿರುಚಿದೆನೋ. ರೌನೋಗೆ ತಿಳಿಯಿತು, ಅವನೂ, “ಸುಲೋ, ನಿಲ್ಸೋ! ನಿಲ್ಸೋ ಮಾರಾಯ!” ಎಂದು ಸೌಟಿನಿಂದ ಗೋಡೆಗೆ ಬಡಿದ. ಸುತ್ತು ಒಂಬತ್ತಾಯಿತು, ಹತ್ತಾಯಿತು. ನಾನು ಸೌನಾದ ಬಾಗಿಲು ತೆರೆದೆ; ರೌನೋ ನನ್ನ ಹಿಂದೆಯೇ ಬಂದ.

ಮಾವ ನನಗೆ ಬೆನ್ನು ಮಾಡಿ, ಮೇಲಿನ ಹಲಗೆಗೆ ಒಂದು ಕಾಲು ಕೊಟ್ಟು, ಇಡೀ ಮೈಭಾರ ಹಾಕಿ ಸ್ಪ್ಯಾನರ್ ಎಳೆಯುತ್ತಿದ್ದರು. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ತಣ್ಣನೆ ಗಾಳಿ ತಾಗಿ ತಿರುಗದೆಯೇ ಅಂದರು, “ಬಾಗ್ಲು ಹಾಕು, ಬಿಸಿ ಹೋಗತ್ತೆ. ಬಂತು, ಬಂತು ನೋಡು!” ಕೊನೆಯ ಎಳೆತಕ್ಕೆ ಸೈಲೆನ್ಸರ್ ಕಳಚಿ ಅವರ ಗವಸಿನೊಳಗೆ ಬಿತ್ತು. ಅದನ್ನು ಎತ್ತಿ ಹಿಡಿದು ನಮ್ಮ ಕಡೆ ತಿರುಗಿದರು, ನಗುತ್ತಾ.

ಅದರ ಬಾಯಿಂದ ಸುರುಳಿಸುರುಳಿಯಾಗಿ ಹೊಳೆಯುವ ತಂತಿ ನೇತಾಡುತ್ತಿತ್ತು. ಸಿಗಿದು ಬಂದ ನಳಿಗೆಯ ಥ್ರೆಡ್ಡು. ಅವರ ಕಣ್ಣು ಮೊದಲು ಹೋದದ್ದು ನಮ್ಮ ಮುಖಗಳಿಗೆ, ಆಮೇಲೆ ಕೈಗೆ. ನಗು ಕೂಡಲೇ ಹೋಗಲಿಲ್ಲ. ಹೋಗಲು ದಾರಿ ಸಿಗದವರ ಹಾಗೆ ಸ್ವಲ್ಪ ಹೊತ್ತು ಮುಖದ ಮೇಲೆಯೇ ನಿಂತಿತ್ತು.

ರೌನೋ ಒಳ್ಳೆಯವನು. “ಪರ್ವಾಗಿಲ್ಲ ಸುಲೋ. ಹಳೇ ನಳಿಗೆ, ಹೆಂಗೂ ಬದಲಾಯಿಸ್ಬೇಕಿತ್ತು,” ಎಂದು ಬಾಯಿ ದೊಡ್ಡದು ಮಾಡಿ ಹೇಳಿದ. ಅದು ಮೂರು ವರ್ಷದ ನಳಿಗೆ. ಉಳಿದಿದ್ದ ಕಾಫಿಯನ್ನು ನಿಂತೇ ಕುಡಿದ, ತಣ್ಣಗಾಗಿದ್ದರೂ. ಬಂದೂಕನ್ನು ವೈಸಿನಿಂದ ಬಿಚ್ಚುವಾಗ ದಾರ ಅವನ ಕೈಗೆ ಸಿಕ್ಕಿತು. ಎಳೆದು ನೋಡಿದ. ಆಚೆ ಮಾವನ ಕೈ ಎದ್ದಿತು.

“ಇದೇನು?”

ನಾನು ಹೇಳಿದೆ. ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಎಷ್ಟು ದಿನದಿಂದ?”

“ಮಾರ್ಚಿಯಿಂದ.”

ಅವನು ಬೋಲ್ಟನ್ನು ಜೇಬಿಗೆ ಹಾಕಿಕೊಂಡ. ಬಂದೂಕು ಹೆಗಲಿಗೇರಿಸಿ ಅಂಗಳಕ್ಕೆ ನಡೆದ, ನಾನೂ ಹಿಂದೆ ಹೋದೆ. ಕಾರಿನ ಬಾಗಿಲು ಹಿಡಿದು, ನೆಲ ನೋಡುತ್ತಾ ಅಂದ: “ವಾಕಿಟಾಕಿಲಿ ನಾನು ಹೇಳಿದ್ದೂ ಕೇಳ್ತಿರ್ಲಿಲ್ಲ ಅನ್ನು ಹಾಗಾದ್ರೆ. ಹೋದ್ವರ್ಷ ಪೂರ್ತಿ.”

ನಾನು ಸೆಲ್ಮಾಳನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

“ಶನಿವಾರ ಅವನನ್ನ ಬಂದೂಕು ಕೊಟ್ಟು ಸಾಲಲ್ಲಿ ನಿಲ್ಸಕ್ಕಾಗಲ್ಲ. ಯಾರ್ಗಾದ್ರೂ ಏನಾದ್ರೂ ಆದ್ರೆ? ನೀನು ಹೇಳ್ತೀಯಾ, ನಾನು ಹೇಳ್ಲಾ?”

ನಾನೇ ಹೇಳುತ್ತೇನೆ ಅಂದೆ. ಲಕೋಟೆಯ ಬೆನ್ನ ಮೇಲೆ ಬರೆದೆ. ಮಾವ ಓದಿ, ಸರಿಯೆಂಬಂತೆ ತಲೆಯಾಡಿಸಿ, ಸೆಲ್ಮಾಳ ಕಾಲ್ಚೀಲ ಸರಿಮಾಡಿದರು.

ಶನಿವಾರ ಅವರಿಗೆ ಗುಡಾರದಲ್ಲಿ ಸೂಪಿನ ಹಂಡೆ ನೋಡಿಕೊಳ್ಳುವ ಕೆಲಸ ಕೊಟ್ಟರು. ನಾನೂ ಮಗುವನ್ನು ಕರೆದುಕೊಂಡು ಹೋಗಿದ್ದೆ. ಕಾಡಿನಿಂದ ಬಂದ ಒಬ್ಬೊಬ್ಬನೂ ಅವರ ಹೆಗಲು ತಟ್ಟಿ, “ಸೂಪು ಭಾರಿ ಚೆನ್ನಾಗಿದೆ ಸುಲೋ,” ಎಂದು ಕಿವಿಯ ಬಳಿ ಕೂಗಿ ಹೋದ. ಹಿಂದೆ ಯಾರೂ ಅವರ ಹೆಗಲು ತಟ್ಟುತ್ತಿರಲಿಲ್ಲ. ಬೈಯುತ್ತಿದ್ದರು, ಗೇಲಿ ಮಾಡುತ್ತಿದ್ದರು. ಎರಡನೇ ವಾರಕ್ಕೆ ಅವರು ಸೊಂಟ ನೋವೆಂದು ಹೋಗಲಿಲ್ಲ.

ಅಕ್ಟೋಬರ್ ಹೋಯಿತು, ನವೆಂಬರ್ ಬಂತು. ಈ ದಿನಗಳಲ್ಲೇ ಸೈಲೆನ್ಸರುಗಳು ಹಿಡಿದುಕೊಳ್ಳುವುದು. ಬುಧವಾರ, ಶನಿವಾರ ಮಾವ ಎರಡು ಗಂಟೆ ಮೊದಲೇ ಸೌನಾ ಕಾಯಿಸಿ, ವೈಸಿಗೆ ಚರ್ಮ ಸುತ್ತಿ, ಕಿಟಕಿಯ ಬಳಿ ಕೂರುವರು. ಕಾರು ಬರಲಿಲ್ಲ. ಎಲ್ಲರೂ ನುರ್ಮೆಸ್‌ಗೆ ಹೋಗುತ್ತಾರೆಂದು ಗಂಡ ಯಾರ್ನೋ ಹೇಳಿದ. “ಯಾರೂ ಕೆಟ್ಟದಾಗಿ ಮಾತಾಡ್ತಿಲ್ಲ ಕಣೇ,” ಅಂದ ಪಾಪ, ಸಮಾಧಾನಕ್ಕೆ. “ಅವರನ್ನ ಕಂಡ್ರೆ ಎಲ್ಲರಿಗೂ ಅಯ್ಯೋ ಅನ್ಸತ್ತೆ ಅಷ್ಟೇ.”

ಯಾರ್ನೋನೇ ತನ್ನ ಬಂದೂಕು ತರಬಹುದಿತ್ತು. ನಾನು ಕೇಳಿದೆ. “ನಂದು ಹಿಡ್ಕೊಂಡಿಲ್ವಲ್ಲ,” ಅಂದ. ಹಿಡಿಯುವ ಹಾಗೆ ಬಿಗಿಮಾಡಿ ಕೊಡು ಅನ್ನಬೇಕೆಂದುಕೊಂಡೆ. ಅನ್ನಲಿಲ್ಲ. ಆ ದಾರ ಇನ್ನೊಮ್ಮೆ ಹಿಡಿಯಲು ನನಗೇ ಧೈರ್ಯವಿರಲಿಲ್ಲ.

ನಿನ್ನೆ ಶನಿವಾರ. ಮಧ್ಯಾಹ್ನವೇ ಕತ್ತಲೆ ಇಳಿಯುತ್ತಿತ್ತು. ನಾನು ಅಡಿಗೆಮನೆಯಲ್ಲಿ ಸೆಲ್ಮಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಜಿ ತಿನ್ನಿಸುತ್ತಿದ್ದೆ. ಮಾವ ಎದುರಿಗೆ ಬಂದು ಕೂತರು. ಒಂದು ತಿಂಗಳಿಂದ ಆ ದಿನದ ಮಾತನ್ನು ಅವರು ಎತ್ತಿರಲಿಲ್ಲ. ನಾನು ತಪ್ಪಾಯಿತೆಂದು ಬರೆದುಕೊಟ್ಟಾಗ ಓದದೆ ಮಡಿಸಿ ಇಟ್ಟಿದ್ದರು.

“ಅವತ್ತು ನಿಂಗೆ ಕೇಳಿಸ್ತಲ್ಲ,” ಅಂದರು.

ಹೌದೆಂದು ತಲೆಯಾಡಿಸಿದೆ.

“ಹೆಂಗಿತ್ತು?”

ನಾನು ಪೆನ್ಸಿಲಿಗೆ ಕೈ ಚಾಚಿದೆ. “ಬರೀಬೇಡ. ಮಾಡಿ ತೋರ್ಸು.”

ಏನು ಮಾಡುವುದೆಂದು ತಿಳಿಯಲಿಲ್ಲ. ಹಲ್ಲು ಕಚ್ಚಿ, ಗಂಟಲಿನಿಂದ ಆ ಸದ್ದನ್ನು ಎಳೆದೆ, ಆದಷ್ಟು ಹಾಗೆಯೇ. ಸೆಲ್ಮಾ ಬೆಚ್ಚಿ ನನ್ನ ಮುಖ ನೋಡಿದಳು. ಆಮೇಲೆ ಅವಳಿಗೆ ಅದು ಹಿಡಿಸಿಬಿಟ್ಟಿತು. ಬಾಯಿಯ ಗಂಜಿಯನ್ನೆಲ್ಲ ಉಗುಳಿ, ಕತ್ತು ಚಾಚಿ, ನನಗಿಂತ ಸಣ್ಣಗೆ, ನನಗಿಂತ ಜೋರಾಗಿ ಕಿರ್ರೆಂದಳು. ಥೇಟ್ ಅದೇ. ನನ್ನ ತೋಳಿನ ರೋಮ ಎದ್ದವು.

ಮಾವ ಮುಂದಕ್ಕೆ ಬಾಗಿದರು. ಅವಳ ಬಾಯಿ ನೋಡಿದರು, ಉಬ್ಬಿದ ಪುಟ್ಟ ಗಂಟಲು ನೋಡಿದರು. ಎರಡು ಬೆರಳನ್ನು ಆ ಗಂಟಲಿಗೆ ಮೃದುವಾಗಿ ಮುಟ್ಟಿಸಿ ಕಾದರು. ಬೆರಳ ತುದಿ ಬೆಳ್ಳಗಿತ್ತು.

“ಇದೇನಾ?”

ಹೂಂ ಎಂದೆ.

ಬೆರಳು ತೆಗೆಯಲಿಲ್ಲ. “ಎಷ್ಟನೇ ಸುತ್ತಿಗೆ ಶುರುವಾಯ್ತು?”

ಎಂಟು ಬೆರಳು ತೋರಿಸಿದೆ. ಹನ್ನೊಂದಕ್ಕೆ ಕಳಚಿತ್ತೆಂದು ಅವರಿಗೇ ಗೊತ್ತಿತ್ತು. ತುಟಿಯಲ್ಲೇ ಲೆಕ್ಕ ಹಾಕಿದರು.

“ಮೂರು ಸುತ್ತು,” ಅಂದರು. “ಅಷ್ಟು ಹೊತ್ತೂ ಕಿರುಚ್ತಾನೇ ಇತ್ತಾ.”

ಸೆಲ್ಮಾ ಇನ್ನೂ ನಿಲ್ಲಿಸಿರಲಿಲ್ಲ.